ಜರ್ಬಿಲ್‌ಗೆ ಮರಳಿನ ಸ್ನಾನ: ಸಮುದ್ರದ್ದೋ, ಹೊಳೇದೋ, ಅಂಗಡೀದೋ?

ಪ್ರಶ್ನೆ: ಅಕ್ಕಾ, ನಾವಿರೋದು ಕಾರವಾರದಲ್ಲಿ. ಮಗಳ ಹುಟ್ಟಿದಹಬ್ಬಕ್ಕೆ ಅವಳ ಸೋದರಮಾವ ಬೆಂಗಳೂರಿಂದ ಎರಡು ಜರ್ಬಿಲ್, ಅದೇ ಇಲಿಯಂಥ ಪುಟ್ಟ ಸಾಕುಪ್ರಾಣಿ, ತಂದ್ಕೊಟ್ಟ. ಬೇಸಿಗೆಲಿ ಚೆನ್ನಾಗಿದ್ವು. ಮಳೆ ಹಿಡಿದ ಮೇಲೆ ಎರಡರ ಮೈನೂ ಎಣ್ಣೆ ಸವರಿದಂಗೆ ಆಗಿ ಕೂದಲು ಗುಂಪುಗುಂಪಾಗಿ ನಿಂತ್ಕೊಂಡಿದೆ. ಮರಳಲ್ಲಿ ಹೊರಳಾಡೋಕೆ ಬಿಡ್ಬೇಕು ಅಂತ ಗೊತ್ತಾಯ್ತು, ಆದ್ರೆ ಆನ್‌ಲೈನಲ್ಲಿ ಆ ಪುಟ್ಟ ಡಬ್ಬಿ ರೇಟ್ ನೋಡಿ ನಮ್ಮನೆಯವ್ರು, ಸಮುದ್ರ ಹತ್ತು ನಿಮಿಷದ ದಾರಿ, ಮರಳಿಗೆ ಯಾರಾದ್ರೂ ದುಡ್ಡು ಕೊಡ್ತಾರಾ ಅಂತಾರೆ. ಟಾಗೋರ್ ಬೀಚಿನ ಮರಳು ಆಗುತ್ತಾ? ತಿಳಮಾತಿ ಬೀಚಿನ ಕಪ್ಪು ಮರಳು? ಪಕ್ಕದ್ಮನೆ ಕಟ್ತಾ ಇದ್ದಾರೆ, ಅಲ್ಲಿ ಎಂ ಸ್ಯಾಂಡ್ ರಾಶಿ ಬಿದ್ದಿದೆ. ಮಗಳು ಮಾತ್ರ ಶಾಂಪೂ ಹಾಕಿ ತೊಳೀತೀನಿ ಅಂತ ಹಟ ಹಿಡ್ದಿದ್ದಾಳೆ.

ಉತ್ತರ: ತಂಗೀ, ಮೊದ್ಲು ಆ ಶಾಂಪೂ ಬಾಟ್ಲಿ ತೆಗೆದು ಮಗಳ ಕೈಗೆ ಸಿಗದ ಕಡೆ ಇಡು. ಜರ್ಬಿಲ್‌ಗೆ ನೀರಿನ ಸ್ನಾನ ಬೇಡವೇ ಬೇಡ. ಅದರ ತೂಕ ಇರೋದೇ 60-100 ಗ್ರಾಂ, ಮೈ ತೊಯ್ದ್ರೆ ಮೈಬಿಸಿ ಉಳಿಸ್ಕೊಳ್ಳೋಕೆ ಆಗಲ್ಲ, ಈ ಮಳೇಲಿ ನಮ್ಮ ಟವೆಲ್ಲೇ ಎರಡು ದಿನವಾದ್ರೂ ಒಣಗಲ್ಲ ಅದರ ಮೈ ಒಣಗೋದು ಯಾವಾಗ, ಥಂಡಿ ಹಿಡಿದು ನ್ಯುಮೋನಿಯಾ ತನಕ ಹೋಗುತ್ತೆ. ಮಗಳಿಗೆ ಬೈಬೇಡ, ಪ್ರೀತಿಯಿಂದಾನೇ ಕೇಳ್ತಿದ್ದಾಳೆ ಪಾಪ. ಮರಳಲ್ಲಿ ಅವು ಹೊರಳೋದನ್ನ ಒಂದ್ಸಲ ತೋರಿಸು, ಆಮೇಲೆ ಶಾಂಪೂ ಮಾತೇ ಎತ್ತಲ್ಲ.

ಈ ಎಣ್ಣೆ ಎಲ್ಲಿಂದ ಬಂತು ಅಂತ ಹೇಳ್ತೀನಿ ಕೇಳು. ನಮ್ಮಲ್ಲಿ ಅಂಗಡೀಲಿ ಸಿಗೋದು ಮಂಗೋಲಿಯನ್ ಜರ್ಬಿಲ್. ಮಂಗೋಲಿಯಾ ಮತ್ತೆ ಉತ್ತರ ಚೀನಾದ ಒಣ ಬಯಲಿನ ಪ್ರಾಣಿ ಅದು. 1866ರಲ್ಲಿ ಅರ್ಮಾಂ ದಾವೀದ್ ಅನ್ನೋ ಫ್ರೆಂಚ್ ಪಾದ್ರಿ ಅದನ್ನ ಪ್ಯಾರಿಸ್‌ನ ಮ್ಯೂಸಿಯಂಗೆ ಕಳಿಸಿಕೊಟ್ಟ ಮೇಲೆ ಹೊರಗಿನ ವಿಜ್ಞಾನಿಗಳಿಗೆ ಗೊತ್ತಾಗಿದ್ದು. ಅದರ ಕಣ್ಣುಗುಡ್ಡೆ ಹಿಂದೆ ಹಾರ್ಡೇರಿಯನ್ ಗ್ರಂಥಿ ಅಂತ ಒಂದಿದೆ, ಅದರಿಂದ ಎಣ್ಣೆಯಂಥ ಸ್ರಾವ ಮೂಗಿನ ಹತ್ರ ಇಳಿದು ಬರುತ್ತೆ, ಜರ್ಬಿಲ್ ಅದನ್ನ ಎಂಜಲಿನ ಜೊತೆ ಸೇರಿಸಿ ಮುಂಗೈಯಿಂದ ಮೈಗೆಲ್ಲ ಬಳ್ಕೊಳ್ಳುತ್ತೆ. ಅಲ್ಲಿನ ಚಳಿಗೆ ಅದೇ ಅದರ ಸ್ವೆಟರ್. ಜಾಸ್ತಿ ಆದ್ರೆ ಮರಳಲ್ಲಿ ಹೊರಳಿ ತೆಗ್ಕೊಳ್ಳುತ್ತೆ. ಈಗ ಆ ಪ್ರಾಣಿನ ವರ್ಷಕ್ಕೆ ಹೆಚ್ಚುಕಮ್ಮಿ 3000 ಮಿಲಿಮೀಟರ್ ಮಳೆ ಬೀಳೋ ಕಾರವಾರಕ್ಕೆ ತಂದು ಕೂರಿಸಿದ್ದೀವಿ, ಅದರ ಊರಲ್ಲಿ ಇದರ ಹತ್ತನೇ ಒಂದು ಪಾಲು ಬಿದ್ರೆ ಹೆಚ್ಚು. ಗಾಳೀಲಿ ತೇವಾಂಶ 50 ಪರ್ಸೆಂಟ್ ದಾಟಿದ್ರೇನೇ ಜರ್ಬಿಲ್ ಕೂದಲು ಜಿಡ್ಡಾಗಿ ನೆಟ್ಟಗೆ ನಿಲ್ಲೋಕೆ ಶುರು, ನಮ್ಮಲ್ಲಿ ಜುಲೈ ಅಂದ್ರೆ 80ರ ಮೇಲೇ ಇರುತ್ತೆ. ಹಂಗಾಗಿ ನಿಮ್ಮ ಜರ್ಬಿಲ್‌ಗೆ ಕಾಯಿಲೆ ಬಂದಿದೆ ಅಂತ ಗಾಬರಿ ಬೇಡ, ಗೂಡನ್ನ ಒದ್ದೆ ಗೋಡೆಯಿಂದ ದೂರ ಇಟ್ಟು ಒಳ್ಳೆ ಮರಳು ಕೊಡು.

ಇನ್ನು ಮರಳು. ನಾನು ಮೊದಲ ಸಲ ಮಾಡಿದ ತಪ್ಪು ಹೇಳಿಬಿಡ್ತೀನಿ, ಯಾಕಂದ್ರೆ ಬಹಳ ಜನ ಇದನ್ನೇ ಮಾಡ್ತಾರೆ. ಒಂದು ಅಂಗಡೀಲಿ 'ಬಾತ್ ಸ್ಯಾಂಡ್' ಅಂತ ಕೊಟ್ರು, ಡಬ್ಬಿ ಮೇಲೆ ಇಲಿ ಚಿತ್ರಾನೂ ಇತ್ತು, ನಂಬಿ ತಂದೆ. ಬಟ್ಟಲಿಗೆ ಸುರಿಯೋವಾಗ ತೆಳ್ಳಗೆ ಹೊಗೆ ಎದ್ದಂಗೆ ಆಯ್ತು, ಬೆರಳಲ್ಲಿ ಉಜ್ಜಿದ್ರೆ ಟಾಲ್ಕಂ ಪೌಡರ್ ಥರ ನುಣ್ಣಗೆ, ಅವತ್ತೇ ಅನುಮಾನ ಬರ್ಬೇಕಿತ್ತು ನಂಗೆ. ಅದು ಮರಳಲ್ಲ, ಚಿಂಚಿಲ್ಲಾ ಅನ್ನೋ ಬೇರೆ ಪ್ರಾಣಿಗೆ ಮಾಡಿದ ಪುಡಿ, ಜ್ವಾಲಾಮುಖಿ ಕಲ್ಲಿನ ಹಿಟ್ಟು. ನಾಲ್ಕೈದು ದಿನದಲ್ಲಿ ನನ್ನ ಎರಡೂ ಜರ್ಬಿಲ್ ಸೀನೋಕೆ ಶುರು. ಒಂದಿನ ರಾತ್ರಿ ಕೈಲಿ ಎತ್ಕೊಂಡು ಕಿವಿ ಹತ್ರ ಹಿಡಿದ್ರೆ ಹಳೇ ಕೈಗಡಿಯಾರದ ಥರ ಟಿಕ್ ಟಿಕ್ ಟಿಕ್, ಉಸಿರಿನ ಜೊತೆನೇ. ಬೆಳಿಗ್ಗೆನೇ ಡಾಕ್ಟರ್ ಹತ್ರ ಓಡಿದೆ. ಔಷಧಿ ಕೊಟ್ರು, ಪುಡಿ ಎಸೀರಿ ಅಂದ್ರು. ಎರಡರಲ್ಲಿ ಒಂದು ಚೇತರಿಸ್ಕೊಂಡ್ತು, ಇನ್ನೊಂದರ ಉಸಿರಲ್ಲಿ ಆ ಟಿಕ್ ಟಿಕ್ ಕೊನೆತನಕ ಹೋಗ್ಲೇ ಇಲ್ಲ. ಅದಕ್ಕೇ ಈ ವಿಷಯ ಯಾರು ಕೇಳಿದ್ರೂ ಇಷ್ಟುದ್ದ ಬರೀತೀನಿ.

ಒಂದು ಮಾತು ನೆನಪಿಟ್ಕೋ, ಮರಳು ಚಿರೋಟಿ ರವೆ ಥರ ಇರ್ಬೇಕು, ಮೈದಾ ಥರ ಅಲ್ಲ. ಕಾಳು ಕಾಳಾಗಿ ಕೈಯಿಂದ ಜಾರ್ಬೇಕು, ಬೆರಳಿಗೆ ಮೆತ್ಕೋಬಾರ್ದು.

ಈಗ ಟಾಗೋರ್ ಬೀಚಿಗೆ ಬರೋಣ. ಅಲ್ಲಿ ನಡೆದ್ರೆ ಕಾಲಿಗೆ ಹಿತವಾಗಿರೋ ಮರಳೇ, ಸುಳ್ಳಲ್ಲ. ಆದ್ರೆ ಅದರಲ್ಲಿ ಉಪ್ಪಿದೆ, ಉಪ್ಪು ಗಾಳಿಯ ನೀರನ್ನ ಎಳ್ಕೊಳ್ಳುತ್ತೆ. ಮಳೆಗಾಲದಲ್ಲಿ ಉಪ್ಪಿನ ಭರಣಿ ಒಳಗೆ ಏನಾಗುತ್ತೆ ಅಂತ ನಿಂಗೆ ಗೊತ್ತಲ್ಲ, ಆ ಮರಳೂ ಹಂಗೇ ತಂಪಾಗಿ ಅಂಟಂಟಾಗೇ ಇರುತ್ತೆ, ಜಿಡ್ಡು ಹೀರೋದು ಬಿಟ್ಟು ಮೈಗೆ ಮೆತ್ಕೊಳ್ಳುತ್ತೆ, ಜರ್ಬಿಲ್ ಅದನ್ನ ನೆಕ್ಕುತ್ತೆ. ಎಂಟು ಸಲ ಸಿಹಿನೀರಲ್ಲಿ ತೊಳೆದು ಉಪ್ಪು ತೆಗೀಬಹುದು, ಒಪ್ತೀನಿ, ಆದ್ರೆ ಅದರೊಳಗಿನ ಚಿಪ್ಪಿನ ಚೂರು ಎಷ್ಟು ತೊಳೆದ್ರೂ ಹೋಗಲ್ಲ, ಬ್ಲೇಡಿನ ಥರ ಚೂಪು ಕೆಲವು, ಹೊರಳಾಡೋವಾಗ ಕಣ್ಣಿಗೆ ತಾಗಿದ್ರೆ ಏನ್ಗತಿ. ಇನ್ನು ಮೇ ತಿಂಗಳಿಂದ ಮಳೆ ಮುಗಿಯೋವರೆಗೆ ನಮ್ಮ ತೀರಕ್ಕೆ ಡಾಂಬರಿನ ಉಂಡೆ ಬಂದು ಬೀಳ್ತಾವೆ, ಕಾಲಿಗೆ ಅಂಟಿದ್ರೆ ಸೀಮೆಎಣ್ಣೆ ಹಚ್ಚಿ ಉಜ್ಬೇಕು, ನೀನೂ ನೋಡಿರ್ತೀಯ. ಆ ಮರಳು ಬೇಡ.

ತಿಳಮಾತಿದು ಅಂತೂ ಬೇಡ. ಹೆಸರೇ ಹೇಳುತ್ತೆ, ಕೊಂಕಣಿಲಿ ತೀಳ ಅಂದ್ರೆ ಎಳ್ಳು, ಎಳ್ಳಿನ ಥರ ಕಾಳು, ಜರ್ಬಿಲ್ ಕೂದಲಿನ ಸಂದಿಗೆ ಇಳಿಯೋಕೆ ದಪ್ಪ ಆಯ್ತು, ಉಪ್ಪಂತೂ ಇದ್ದೇ ಇದೆ. ಮಾಜಾಳಿ ಗುಡ್ಡ ಹತ್ತಿಳಿದು ಹೋಗೋ ಅಷ್ಟೇ ಅಷ್ಟಗಲದ ಜಾಗ ಅದು, ಹೋದವರೆಲ್ಲ ಒಂದೊಂದು ಚೀಲ ಹೊತ್ತು ತಂದ್ರೆ ಆ ಕಪ್ಪು ಎಷ್ಟು ದಿನ ಉಳೀತದೆ. ನಮ್ಮ ಕಡಲತೀರದ ಮರಳಲ್ಲಿ ಕಡಲಾಮೆ ಮೊಟ್ಟೆ ಇಡ್ತಾವೆ, ಮರಳು ಅಲ್ಲೇ ಇರ್ಲಿ.

ಎಂ ಸ್ಯಾಂಡ್ ಕೇಳಿದ್ದಿಯಲ್ಲ, ಅದು ಮೂರರಲ್ಲೂ ಕೆಟ್ಟದ್ದು. ಕರಿಕಲ್ಲನ್ನ ಕ್ರಷರಲ್ಲಿ ಒಡೆದು ಮಾಡಿದ್ದು ಅದು. ನೀರಲ್ಲಿ ಉರುಳಿ ಉರುಳಿ ನುಣುಪಾದ ಮರಳಲ್ಲ, ಪ್ರತಿ ಕಾಳಿಗೂ ಮೂಲೆ ಇರುತ್ತೆ, ಜೊತೆಗೆ ಕಲ್ಲಿನ ಪುಡಿ. ಗಾರೆಗೆ ಆ ಮೂಲೆ ಬೇಕು, ಪ್ರಾಣಿ ಮೈಗೆ ಬೇಡ. ಒಂದು ಚಿಟಿಕೆ ತಗೊಂಡು ಕಪ್ಪು ಬಟ್ಟೆ ಮೇಲೆ ಉದುರಿಸಿ ಕೊಡವಿ ನೋಡು, ಬಟ್ಟೆ ಬೂದುಬಣ್ಣ ಆಗುತ್ತೆ.

ಅಂಗಡೀಲಿ ಕೊಳ್ಳೋದಾದ್ರೆ ಡಬ್ಬಿ ಮುಂದಿನ ಚಿತ್ರ ನೋಡ್ಬೇಡ, ಹಿಂದೆ ತಿರುಗಿಸಿ ಓದು. ಪುಡಿ, ಡಸ್ಟ್, ಪೌಡರ್ ಅನ್ನೋ ಪದ ಇದ್ರೆ ವಾಪಸ್ ಇಡು. ಕ್ಯಾಲ್ಸಿಯಂ ಸ್ಯಾಂಡ್ ಅಂತ ಹಲ್ಲಿ-ಓತಿ ಸಾಕೋರಿಗೆ ಮಾರ್ತಾರೆ, ಅದೂ ಬೇಡ, ಒದ್ದೆಯಾದ್ರೆ ಗಟ್ಟಿಯಾಗುತ್ತೆ, ಮೈ ನೆಕ್ಕೋವಾಗ ಹೊಟ್ಟೆಗೆ ಹೋದ್ರೆ ಅಲ್ಲೂ ಗಟ್ಟಿಯಾಗಿ ಕೂರುತ್ತೆ. ಪಿಂಕು ನೀಲಿ ಬಣ್ಣದ್ದು, ಲ್ಯಾವೆಂಡರ್ ವಾಸನೆದು ಮಕ್ಕಳ ಕಣ್ಣಿಗೆ ಚೆಂದ ಅಷ್ಟೇ. ಬೆಕ್ಕಿನ ಲಿಟರ್ ಕೂಡ ಆಗಲ್ಲ, ನೀರು ಬಿದ್ರೆ ಉಬ್ಬೋ ಜೇಡಿಮಣ್ಣು ಅದು. ನಾನು ಈಗ ತರೋದು ಅಕ್ವೇರಿಯಂ ಅಂಗಡಿಯ ಸಾದಾ ನೈಸರ್ಗಿಕ ಮರಳು, ಬಣ್ಣ ಕೋಟಿಂಗ್ ಏನೂ ಇಲ್ಲದ್ದು, ಸಣ್ಣ ಕಾಳಿನದು. ಹವಳದ ಮರಳು ಅಂತ ಬಿಳೀದು ಕೊಟ್ರೆ ಬೇಡ ಅನ್ನು, ಅದೂ ಕ್ಯಾಲ್ಸಿಯಮ್ಮೇ. ಕೆಜಿ ಲೆಕ್ಕದಲ್ಲಿ ಸಿಗುತ್ತೆ, ಪೆಟ್ ಶಾಪ್ ಡಬ್ಬಿಗಿಂತ ಎಷ್ಟೋ ಅಗ್ಗ, ನಿಮ್ಮನೆಯವ್ರಿಗೂ ಸಮಾಧಾನ.

ಯಾವ ಮರಳೇ ತಂದ್ರೂ ಮನೇಲಿ ಮೂರು ಥರ ಪರೀಕ್ಷೆ ಮಾಡಿ ನೋಡು. ಒಂದು ಗ್ಲಾಸ್ ನೀರಿಗೆ ಎರಡು ಚಮಚ ಹಾಕಿ ಕಲಸಿ ಬಿಡು, ಒಂದೆರಡು ನಿಮಿಷದಲ್ಲಿ ನೀರು ತಿಳಿಯಾದ್ರೆ ಒಳ್ಳೇದು, ಅಕ್ಕಿ ತೊಳೆದ ನೀರಿನ ಥರ ಬೆಳ್ಳಗೇ ನಿಂತ್ರೆ ಇನ್ನೂ ತೊಳೀಬೇಕು. ಒಣ ಮರಳಿನ ಮೇಲೆ ಒಂದು ಚಮಚ ವಿನೆಗರ್ ಹಾಕು, ಲಿಂಬೆರಸವೂ ಆಗ್ತದೆ ಆದ್ರೆ ವಿನೆಗರ್‌ನಲ್ಲಿ ಚೆನ್ನಾಗಿ ಕಾಣುತ್ತೆ, ಬುಸುಬುಸು ಅಂತ ಗುಳ್ಳೆ ಬಂದ್ರೆ ಚಿಪ್ಪೋ ಸುಣ್ಣವೋ ಇದೆ ಅಂತ ಅರ್ಥ. ಮೂರನೇದು ನಂಗೆ ಬಹಳ ನೆಚ್ಚಿನದು. ನಮ್ಮ ಕುಮಟೆ ಮನೇಲಿ ಹಂಚಿನ ಮಧ್ಯೆ ಒಂದು ಗಾಜಿನ ಹಂಚಿದೆ, ಬೆಳಿಗ್ಗೆ ಹತ್ತರ ಹೊತ್ತಿಗೆ ಅದರಿಂದ ಬಿಸಿಲುಕೋಲು ಓರೆಯಾಗಿ ಅಡುಗೆಮನೆ ನೆಲಕ್ಕೆ ಬೀಳುತ್ತೆ, ಆ ಕೋಲಿನೊಳಗೆ ಮರಳನ್ನ ಒಂದು ಬಟ್ಟಲಿಂದ ಇನ್ನೊಂದಕ್ಕೆ ಮೊಳದೆತ್ತರದಿಂದ ಸುರೀತೀನಿ, ಧೂಳು ಇದ್ರೆ ಬೆಳಕಲ್ಲಿ ಹೊಗೆ ಥರ ಸುತ್ತೋದು ಎದ್ದು ಕಾಣುತ್ತೆ, ಇಲ್ಲದಿದ್ರೆ ಕಾಳು ಮಾತ್ರ ಸರ್ರಂತ ಬೀಳುತ್ತೆ. ಮೋಡ ಇದ್ರೆ ಕತ್ತಲೆ ಕೋಣೇಲಿ ಮೊಬೈಲ್ ಟಾರ್ಚ್ ಹಿಡಿದು ಮಾಡು. ಮೂಗಿಗೆ ಬಟ್ಟೆ ಕಟ್ಕೊಂಡು ಮಾಡು.

ಅಗಲ ಬಾಯಿಯ ಭಾರದ ಪಿಂಗಾಣಿ ಇಲ್ಲ ಗಾಜಿನ ಬಟ್ಟಲು ತಗೋ, ಪ್ಲಾಸ್ಟಿಕ್ ಆದ್ರೆ ಕಡಿದು ನುಂಗ್ತಾವೆ. ಅವು ಪೂರ್ತಿ ಮೈ ಚಾಚಿ ಮಗುಚೋಕೆ ಜಾಗ ಬೇಕು, ಒಂದು ಗೇಣಗಲ ಇರ್ಲಿ, ಮರಳು ಎರಡು ಬೆರಳು ಆಳ. ಬೇಸಿಗೇಲಿ ಗೂಡೊಳಗೇ ಬಿಟ್ಟಿರಬಹುದು. ಮಳೆಗಾಲದಲ್ಲಿ ಮಾತ್ರ ಬಿಟ್ಟಿರಬೇಡ, ಮರಳೇ ತೇವ ಎಳ್ಕೊಳ್ಳುತ್ತೆ, ಬಿಗಿಮುಚ್ಚಳದ ಡಬ್ಬೀಲಿ ತುಂಬಿಟ್ಟು ದಿನಾ ಸಂಜೆ ಅರ್ಧ ಗಂಟೆ ಇಟ್ಟು ತೆಗಿ. ಟೀ ಜಾಲರಿಯಲ್ಲಿ ಜರಡಿ ಹಿಡಿದ್ರೆ ಹಿಕ್ಕೆ ಮೇಲೆ ನಿಲ್ಲುತ್ತೆ. ಅದರಲ್ಲೇ ಉಚ್ಚೆ ಹೊಯ್ಯೋ ಅಭ್ಯಾಸ ಇದ್ರೆ ಜರಡಿ ಸಾಕಾಗಲ್ಲ, ಬದ್ಲಾಯಿಸ್ಬೇಕು.

ಮೊದಲ ದಿನ ಸುಮ್ನೆ ಮೂಸಿ ಹೋಗಬಹುದು. ಎರಡನೇ ದಿನ ಮುಂಗಾಲಲ್ಲಿ ಕೆರೆಯೋಕೆ ಶುರು ಮಾಡುತ್ತೆ, ಮರಳೆಲ್ಲ ಹಿಂದಕ್ಕೆ ಹಾರುತ್ತೆ, ಆಮೇಲೆ ಇದ್ದಕ್ಕಿದ್ದಂಗೆ ಒಂದು ಕಿವಿ ನೆಲಕ್ಕಿಟ್ಟು ಪಕ್ಕಕ್ಕೆ ಬಿದ್ದು ಮೈ ಉದ್ದ ಮಾಡಿ ಪಟ್ಟಂತ ಆ ಕಡೆ ಮಗುಚುತ್ತೆ, ಮತ್ತೆ ಈ ಕಡೆ, ಎದ್ದು ಮೈ ಕೊಡವಿದ್ರೆ ಮರಳೆಲ್ಲ ಉದುರಿ ಕೂದಲು ಬಿಡಿಬಿಡಿಯಾಗಿ ನಿಲ್ಲುತ್ತೆ. ಮಗಳನ್ನ ಆಗ ಹತ್ರ ಕೂರಿಸ್ಕೋ. ಎತ್ತೋವಾಗ ಬಾಲ ಹಿಡೀಬೇಡ ಅಂತಾನೂ ಅವತ್ತೇ ಹೇಳಿಕೊಡು, ಬಾಲದ ಚರ್ಮ ಕೈಯಲ್ಲೇ ಕಿತ್ತು ಬರುತ್ತೆ, ಮತ್ತೆ ಬೆಳೆಯಲ್ಲ.

ಪ್ರಶ್ನೆ: ಅಕ್ಕಾ, ನಾನು ಶಿರಸಿ ಕಡೆಯ ಹಳ್ಳಿ ಹುಡುಗ. ನಮ್ಮ ತೋಟದ ಕೆಳಗೆ ಹಳ್ಳ ಇದೆ, ಬೇಸಿಗೇಲಿ ನೀರು ಇಳಿದಾಗ ಚೆಂದದ ಸಣ್ಣ ಮರಳು ಸಿಗುತ್ತೆ. ತೊಳೆದು ಜರ್ಬಿಲ್‌ಗೆ ಕೊಡ್ಬಹುದಾ? ನಮ್ಮ ಅಜ್ಜಿ, ಮರಳು ಯಾಕೋ, ಕೋಳಿ ಬೂದೀಲಿ ಹೊರಳಾಡಲ್ವಾ, ಬಚ್ಚಲೊಲೆ ಬೂದಿ ಹಾಕು ಅಂತಾರೆ.

ಉತ್ತರ: ತಮ್ಮಾ, ಅಜ್ಜಿ ಹೇಳಿದ್ದು ಕೋಳಿ ಮಟ್ಟಿಗೆ ನಿಜ. ಹೇನು ಬಿಡಿಸ್ಕೊಳ್ಳೋಕೆ ಅವು ಬೂದೀಲಿ ಹೊರಳ್ತಾವೆ, ಅದೂ ಬಯಲಲ್ಲಿ, ಗಾಳಿ ಆಡೋ ಕಡೆ. ಜರ್ಬಿಲ್ ಇರೋದು ನಾಲ್ಕು ಗೋಡೆ ಪೆಟ್ಟಿಗೇಲಿ, ಎದ್ದ ಬೂದಿ ಎಲ್ಲ ಅದರ ಮೂಗಿಗೇ. ಬೂದಿಗೆ ನೀರು ತಾಗಿದ್ರೆ ಕ್ಷಾರ ಆಗುತ್ತೆ, ಅಜ್ಜಿ ಬೂದಿ ಹಾಕಿ ಪಾತ್ರೆ ತಿಕ್ಕಿದಾಗ ಜಿಡ್ಡು ಹೋಗೋದು ಅದಕ್ಕೇ, ಅದೇ ಕ್ಷಾರ ಇದರ ಕಣ್ಣಿನ ತೇವಕ್ಕೆ, ನೆಕ್ಕಿದಾಗ ನಾಲಿಗೆಗೆ ತಾಗಿದ್ರೆ ಉರಿ. ಅಜ್ಜಿಗೆ ಹಿಂಗೇ ಬಿಡಿಸಿ ಹೇಳು, ಒಪ್ತಾರೆ.

ಹಳ್ಳದ ಮರಳು ಒಳ್ಳೇದೇ, ಕೆಲಸ ಮಾತ್ರ ಇದೆ. ಉಪ್ಪಿಲ್ಲ, ಕಾಳು ಉರುಟು. ಆದ್ರೆ ಹಳ್ಳಕ್ಕೆ ಕಾಡಿಲಿ ಹೆಗ್ಗಣ ಎಲ್ಲ ಬರ್ತಾವೆ, ಇಲಿಜ್ವರದ ರೋಗಾಣು ಅವುಗಳ ಉಚ್ಚೆಯಿಂದ ಒದ್ದೆ ಮಣ್ಣಿಗೆ ಸೇರ್ಕೊಳ್ಳುತ್ತೆ, ನಿನ್ನ ಕೈಲಿ ಗಾಯ ಇದ್ರೆ ನಿಂಗೂ ಅಪಾಯ. ಇನ್ನೊಂದು, ಬೇಸಿಗೆ ಅಂದ್ರೆ ನಿಮ್ಮ ಕಡೆ ಮಂಗನ ಕಾಯಿಲೆ ಕಾಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲಿ ಗುರುತಿಸಿದ ಆ ಕಾಯಿಲೆ ಶಿರಸಿ ಸಿದ್ದಾಪುರದ ಜನಕ್ಕೆ ಹೊಸದಲ್ಲ, ಅದನ್ನ ಹರಡೋ ಉಣುಗು, ಅಂದ್ರೆ ರಕ್ತ ಹೀರೋ ಉಣ್ಣೆ, ಇರೋದು ದರಕಿನಲ್ಲಿ, ಅಂದ್ರೆ ಒಣಗಿ ಬಿದ್ದ ಎಲೆಗಳಲ್ಲಿ. ದರಕು ಬಿದ್ದ ದಡದ್ದು ಗೋರಬೇಡ, ಮಧ್ಯದ ಬರೀ ಮರಳು ತಗೋ, ಉಣುಗು ಕಚ್ಚದಂಗೆ ಹಚ್ಚೋ ಎಣ್ಣೆ ಮೈಗೆ ಹಚ್ಕೊಂಡು ಹೋಗು, ಬಂದ ಮೇಲೆ ಮೈ ನೋಡ್ಕೊಂಡು ಬಿಸಿನೀರಲ್ಲಿ ಮಿಂದ್ಕೋ.

ತಂದಿದ್ದನ್ನ ರವೆ ಜರಡೀಲಿ ಹಿಡಿದು ದಪ್ಪದ್ದು ತೆಗಿ, ಆಮೇಲೆ ಬಕೆಟ್ಟಲ್ಲಿ ಕೈಯಾಡಿಸಿ ಕೆಂಪು ನೀರು ಚೆಲ್ಲು. ನಿಮ್ಮದು ಕೆಂಪು ಮಣ್ಣಿನ ಸೀಮೆ, ನಾಲ್ಕೈದು ಸಲಕ್ಕೆ ತಿಳಿಯಾಗಲ್ಲ, ನಂಗೆ ಒಮ್ಮೆ ಹನ್ನೊಂದು ಸಲ ಬೇಕಾಯ್ತು. ಬಿಸಿಲಿಗೆ ಹರವಿ ಒಣಗಿಸಿ, ದಪ್ಪ ತಳದ ಕಬ್ಬಿಣದ ಬಾಣಲೆಯಲ್ಲಿ ಸಣ್ಣ ಉರೀಲಿ ಅರ್ಧ ಗಂಟೆ ಹುರಿ, ಜಾತ್ರೇಲಿ ಶೇಂಗಾ ಹುರಿಯೋರು ಮರಳು ಆಡಿಸ್ತಾರಲ್ಲ ಹಂಗೆ ಕೈ ಬಿಡದೆ ಆಡಿಸ್ತಾ ಇರು. ಆ ಬಾಣಲೆ ಆಮೇಲೆ ಅಡುಗೆಗೆ ಬೇಡ. ಬಚ್ಚಲೊಲೆ ಮೇಲೆ ಹುರಿದ್ರೆ ಹೊಗೆ ವಾಸನೆ ಹಿಡಿಯುತ್ತೆ, ಗ್ಯಾಸ್ ಮೇಲೇ ಮಾಡು. ಹುರಿದ ಮರಳು ಮೇಲೆ ತಣ್ಣಗಾದಂಗೆ ಕಂಡ್ರೂ ಒಳಗೆ ಸುಡ್ತಾ ಇರುತ್ತೆ, ಒಂದು ರಾತ್ರಿ ಹಂಗೇ ಬಿಟ್ಟು ಬೆಳಿಗ್ಗೆ ಮೊಣಕೈ ಒಳಗಿಟ್ಟು ನೋಡಿ ಕೊಡು. ಇಷ್ಟನ್ನ ಮಾರ್ಚ್-ಏಪ್ರಿಲ್‌ನಲ್ಲೇ ಮಾಡಿ ಎರಡು ಡಬ್ಬಿ ತುಂಬಿಟ್ಕೋ. ಮಳೆ ಬಂದ ಮೇಲೆ ಹಳ್ಳಕ್ಕೆ ಇಳಿಯೋ ಮಾತೇ ಇಲ್ಲ.

ಪ್ರಶ್ನೆ: ನಾನು ಹೊನ್ನಾವರದ ನಿವೃತ್ತ ಶಿಕ್ಷಕ. ಮೊಮ್ಮಗನ ಜರ್ಬಿಲ್‌ಗೆ ತಂದ ಮರಳಿನ ಚೀಲದ ಮೇಲೆ ಸಿಲಿಕಾ ಅಂತ ಬರೆದಿದೆ. ಸಿಲಿಕಾದಿಂದ ಕಲ್ಲು ಒಡೆಯೋರಿಗೆ ಶ್ವಾಸಕೋಶದ ಕಾಯಿಲೆ ಬರುತ್ತೆ ಅಂತ ಓದಿದ್ದೇನೆ. ಇದನ್ನು ಎಸೆಯಬೇಕೇ?

ಉತ್ತರ: ಸರ್, ನೀವು ಓದಿದ್ದು ಸರಿ, ಆ ಕಾಯಿಲೆ ಹೆಸರು ಸಿಲಿಕೋಸಿಸ್. ಆದ್ರೆ ಶರಾವತಿ ಹೊಳೆ ಮರಳೂ ಬಹುಪಾಲು ಸಿಲಿಕಾನೇ, ಬೆಣಚುಕಲ್ಲಿನ ಕಾಳು. ಕೆಡುಕು ಮಾಡೋದು ಕಣ್ಣಿಗೂ ಕಾಣದಷ್ಟು ಸಣ್ಣ ಧೂಳು, ಮಿಲಿಮೀಟರಿನ ನೂರನೇ ಒಂದು ಭಾಗಕ್ಕಿಂತ ಸಣ್ಣದು, ಅದು ಉಸಿರಿನ ಜೊತೆ ಶ್ವಾಸಕೋಶದ ತಳ ಮುಟ್ಟುತ್ತೆ. ಕಣ್ಣಿಗೆ ಕಾಣೋ ಕಾಳು ಅಲ್ಲಿಗೆ ಹೋಗಲಾರದು. ಹಂಗಾಗಿ ಚೀಲದ ಮೇಲಿನ ಪದಕ್ಕಿಂತ ಒಳಗಿನ ಧೂಳು ನೋಡಿ, ಮೇಲೆ ಕಾರವಾರದ ತಂಗಿಗೆ ಹೇಳಿದ ಗ್ಲಾಸಿನ ಪರೀಕ್ಷೆ, ಬಿಸಿಲುಕೋಲಿನ ಪರೀಕ್ಷೆ ಮಾಡಿ. ಪಾಸಾದ್ರೆ ಧೈರ್ಯವಾಗಿ ಕೊಡಿ. ಇಲ್ಲದಿದ್ರೆ ತೊಳೆದು ಒಣಗಿಸಿ ಮತ್ತೆ ನೋಡಿ. ಒಣ ಮರಳು ಸುರಿಯೋ ಕೆಲಸ ಮೊಮ್ಮಗನ ಮುಖದ ಹತ್ರ ಮಾಡ್ಬೇಡಿ, ಬಳಸ್ತಾ ಬಳಸ್ತಾ ಕಾಳು ತಿಕ್ಕಿ ಹೊಸ ಧೂಳು ಹುಟ್ಟುತ್ತೆ, ಹಂಗಾಗಿ ತಿಂಗಳಿಗೊಮ್ಮೆ ಹೊಸ ಮರಳು ಹಾಕೋದು ಒಳ್ಳೇದು.

ಪ್ರಶ್ನೆ: ಮರಳು ಇಟ್ಟು ವಾರ ಆಯ್ತು. ಜರ್ಬಿಲ್ ಮೂಗಿನ ಸುತ್ತ ಕೆಂಪಗೆ ರಕ್ತ ಒಣಗಿದಂಗೆ ಕಾಣ್ತಿದೆ. ಮರಳು ತಾಗಿ ಗಾಯ ಆಯ್ತಾ? (ಅಂಕೋಲಾ)

ಉತ್ತರ: ಒದ್ದೆ ಹತ್ತಿಯಿಂದ ಮೆಲ್ಲಗೆ ಒರೆಸಿ ನೋಡಿ. ಸಲೀಸಾಗಿ ಹೋಗಿ ಕೆಳಗೆ ಚರ್ಮ ಚೆನ್ನಾಗಿದ್ರೆ ಅದು ರಕ್ತ ಅಲ್ಲ, ಮೇಲೆ ಹೇಳಿದ ಆ ಗ್ರಂಥಿಯ ಸ್ರಾವವೇ, ಅದರಲ್ಲಿ ಪಾರ್ಫೈರಿನ್ ಅನ್ನೋ ಕೆಂಪು ವಸ್ತು ಇರುತ್ತೆ. ಮೈ ನೆಕ್ಕಿ ಸ್ವಚ್ಛ ಮಾಡ್ಕೊಳ್ಳೋದು ಬಿಟ್ಟಾಗ, ಹೆದರಿದಾಗ, ತೇವ ಜಾಸ್ತಿ ಆದಾಗ ಅದು ಮೂಗಿನ ಹತ್ರ ಶೇಖರ ಆಗುತ್ತೆ. ಹಂಗಿದ್ರೆ ಮರಳು ಬಿಡಬೇಡಿ, ಅದೇ ಔಷಧಿ. ಆದ್ರೆ ಮೂಗಿನ ಮೇಲೆ ಕೂದಲು ಉದುರಿ ಚರ್ಮ ಹಸಿಯಾಗಿ, ಹೆಕ್ಕಳೆ ಕಟ್ಟಿದ್ರೆ ಆ ಸ್ರಾವ ಚರ್ಮ ತಿಂದು ಸೋಂಕು ಆಗಿದೆ ಅಂತ. ಆಗ ಮರಳು ತೆಗೆದಿಟ್ಟು ಡಾಕ್ಟರ್‌ಗೆ ತೋರ್ಸಿ, ಮನೇಲಿರೋ ಮುಲಾಮು ಹಚ್ಬೇಡಿ, ನೆಕ್ಕಿಬಿಡುತ್ತೆ. ದೊಡ್ಡ ದನ-ಎಮ್ಮೆ ನೋಡೋ ಡಾಕ್ಟರ್ ಇರ್ಲಿ, ಹಿಂಜರೀಬೇಡಿ, ಹೋಗೋವಾಗ ಒಂದು ಚಿಟಿಕೆ ಮರಳನ್ನ ಪೊಟ್ಟಣ ಕಟ್ಕೊಂಡು ಹೋಗಿ, ಬೆರಳಲ್ಲಿ ಉಜ್ಜಿ ನೋಡಿದ್ರೆ ಅವ್ರಿಗೂ ಅರ್ಧ ಗೊತ್ತಾಗುತ್ತೆ.